ಬಟ್ಟೆ ಕ್ಲಿಪ್ಪಿಗೆ ಬದಲಿ: ಒಂದು ಚೋಕ್ ಕೇಬಲ್ ಕಿಟ್ ಜೊತೆ ನಾಲ್ಕು ತಿಂಗಳು

ಹನ್ನೊಂದು ವರ್ಷ ನಮ್ಮ ಕಾರಿನ ಚೋಕ್, ಅಂದರೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ನಾಬ್, ನಿಂತಿದ್ದುದು ಒಂದು ಬಟ್ಟೆ ಕ್ಲಿಪ್ಪಿನ ಆಸರೆಯಲ್ಲಿ. ನಾಬ್ ಎಳೆದು ಕೈ ಬಿಟ್ಟರೆ ಅದು ಮೆಲ್ಲನೆ ಒಳಗೆ ಸರಿದುಹೋಗುತ್ತಿತ್ತು. ಅಪ್ಪ ನಾಬ್ ಎಳೆದು, ಅದರ ಕುತ್ತಿಗೆಗೆ ಮರದ ಕ್ಲಿಪ್ ಕಚ್ಚಿಸಿ, ಇಂಜಿನ್ ಬೆಚ್ಚಗಾದ ಮೇಲೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಾರು ನನ್ನ ಕೈಗೆ ಬಂದ ಮೇಲೆ ನಾನೂ ಅದನ್ನೇ ಮುಂದುವರಿಸಿದೆ. ಸರಿಪಡಿಸಬೇಕು ಎಂದು ಪ್ರತಿ ಚಳಿಗಾಲದಲ್ಲೂ ಅಂದುಕೊಳ್ಳುವುದು, ಬಿಸಿಲು ಏರಿದ ಮೇಲೆ ಮರೆಯುವುದು.

ನಾಲ್ಕು ತಿಂಗಳ ಹಿಂದೆ ಕೇಬಲ್ಲಿನ ಒಳತಂತಿಯೇ ತುಂಡಾಗಿ ನಾಬ್ ಕೈಗೆ ಬಂತು. ಅದಾದ ಮೇಲೆ ಒಂದು ವಾರ ನಡೆದದ್ದು ಬೇರೆಯದೇ ನಾಟಕ. ಬೆಳಗ್ಗೆ ನಾನು ಬಾನೆಟ್ ಎತ್ತಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಲಿವರನ್ನು ಬೆರಳಿನಿಂದ ಎಳೆದು ಹಿಡಿಯುವುದು, ಅಕ್ಕನ ಮಗಳು ಒಳಗೆ ಕುಳಿತು ಸ್ಟಾರ್ಟ್ ಮಾಡುವುದು. ಅವಳು ಡ್ರೈವಿಂಗ್ ಕಲಿತದ್ದು ಚೋಕ್ ನಾಬೇ ಇಲ್ಲದ ಇಂಜೆಕ್ಷನ್ ಇಂಜಿನ್ನಿನ ಕಾರಿನಲ್ಲಿ. ‘ಮಾವ, ಈ ಕಾರಿಗೆ ದಿನಾ ಇಬ್ಬರು ಬೇಕೇ?’ ಎಂದು ಕೇಳಿದಳು. ಆ ಸಂಜೆಯೇ ಹೊಸ ಕೇಬಲ್ ಕಿಟ್ ತರಿಸಿದೆ.

ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಕಿಟ್‌ಗಳು ಬೇರೆ ಬೇರೆ ಲೇಬಲ್ಲುಗಳಲ್ಲಿ ಬರುತ್ತವೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ‘ಎಲ್ಲ ಹಳೆಯ ಕಾರುಗಳಿಗೂ ಹೊಂದುತ್ತದೆ’ ಎಂಬುದು ಹೊದಿಕೆಯ ಮೇಲಿನ ಮಾತು. ಒಳಗೆ 1.8 ಮೀಟರ್ ಉದ್ದದ ಕೇಬಲ್, ತಿರುಗಿಸಿದರೆ ಲಾಕ್ ಆಗುವ ಕಪ್ಪು ನಾಬ್, ಡ್ಯಾಶ್‌ಬೋರ್ಡಿಗೆ ಕೂರಿಸಲು ಹೊಳೆಯುವ ಬಿಲ್ಲೆ ಮತ್ತು ನಟ್, ಲಿವರಿಗೆ ತಂತಿಯನ್ನು ಬಿಗಿಯುವ ಪುಟ್ಟ ಸ್ಕ್ರೂ, ಅಂಗೈ ಅಗಲದ ಸೂಚನಾ ಪತ್ರ. ಹೊರಕವಚವನ್ನು ಕಾರ್ಬುರೇಟರಿನ ಬಳಿ ಹಿಡಿದಿಡುವ ಕ್ಲಾಂಪ್ ಇಲ್ಲ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿಗೆ ಹಾಕುವ ರಬ್ಬರ್ ಬಳೆಯೂ ಇಲ್ಲ. ಈ ಎರಡು ಕೊರತೆಗಳಲ್ಲಿ ಮೊದಲನೆಯದು ನನ್ನನ್ನು ಒಂದು ತಿಂಗಳು ಕಾಡಿತು. ಅದು ಯಾಕೆ ಎಂದು ತಿಳಿಯಲು ಚೋಕ್ ಮಾಡುವ ಕೆಲಸವೇನು ಎಂಬುದು ಗೊತ್ತಿರಬೇಕು.

ಪೆಟ್ರೋಲ್ ದ್ರವವಾಗಿದ್ದಾಗ ಸಿಲಿಂಡರಿನಲ್ಲಿ ಸರಿಯಾಗಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಬಿಸಿ ಇಂಜಿನ್ನಿನಲ್ಲಿ ತೂಕದ ಲೆಕ್ಕಕ್ಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಎರಡೂ ಪೂರ್ತಿ ಖರ್ಚಾಗುತ್ತವೆ. ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ನಿಗೆ ಅದೇ ಅಳತೆ ಕೊಟ್ಟರೆ ಹೆಚ್ಚಿನ ಪೆಟ್ರೋಲ್ ಸಿಲಿಂಡರಿಗೆ ಹೋಗುವ ಕೊಳವೆಯ (ಮ್ಯಾನಿಫೋಲ್ಡಿನ) ಗೋಡೆಗೆ ಅಂಟಿ ಒದ್ದೆಯಾಗಿಯೇ ಉಳಿಯುತ್ತದೆ. ಬೇಗ ಆವಿಯಾಗುವ ಹಗುರ ಅಂಶ ಮಾತ್ರ ಸಿಲಿಂಡರಿಗೆ ಬೆಂಕಿ ಹಿಡಿಯುವ ರೂಪದಲ್ಲಿ ತಲುಪುತ್ತದೆ. ಸಾಲದ್ದಕ್ಕೆ ಸ್ಟಾರ್ಟರ್ ಮೋಟಾರು ಇಂಜಿನ್ನನ್ನು ತಿರುಗಿಸುವ ವೇಗ ಬಹಳ ಕಡಿಮೆ. ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಎಳೆದುಕೊಳ್ಳುವಷ್ಟು ಗಾಳಿಯ ಓಟವೇ ಇರುವುದಿಲ್ಲ. ಆದ್ದರಿಂದ ಮೊದಲ ಕೆಲವು ನಿಮಿಷ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿದು, ಅದರಲ್ಲಿ ಆವಿಯಾದಷ್ಟು ಆಗಲಿ ಎಂದು ಬಿಡಬೇಕು. ಮೆಕ್ಯಾನಿಕ್‌ಗಳು ಹೇಳುವ ‘ರಿಚ್’ ಇದೇ. ಎಷ್ಟು ಹೆಚ್ಚು, ಎಷ್ಟು ಹೊತ್ತು ಎಂಬ ತೀರ್ಮಾನವನ್ನು ಚಾಲಕನ ಕೈಗೆ ಕೊಟ್ಟಿರುವ ಹಿಡಿಕೆಯೇ ಚೋಕ್ ನಾಬ್. ಆಮೇಲಿನ ಕಾರುಗಳಲ್ಲಿ ಎರಡು ಲೋಹ ಬೆಸೆದ ಸುರುಳಿಯೊಂದು ಬಿಸಿಗೆ ಬಿಚ್ಚಿಕೊಳ್ಳುತ್ತಾ ಈ ಕೆಲಸ ಮಾಡುತ್ತದೆ. ಅದು ಕೆಟ್ಟಾಗ ಬೈಯಲು ಎದುರಿಗೆ ಯಾರೂ ಇರುವುದಿಲ್ಲ.

ಕಿಟ್ಟನ್ನು ಎರಡು ಕಾರುಗಳಲ್ಲಿ ನೋಡುವ ಅವಕಾಶ ಸಿಕ್ಕಿತು. ನನ್ನದು 1964ರ ಮಾರಿಸ್ ಮೈನರ್ 1000. 1098 ಸಿಸಿ ಇಂಜಿನ್, ಎಸ್‌ಯು ಕಂಪನಿಯ ಎಚ್‌ಎಸ್2 ಕಾರ್ಬುರೇಟರ್. (ಆ 2 ಎಂದರೆ ಒಂದು ಅಂಗುಲದ ಮೇಲೆ ಎಂಟನೇ ಎರಡು ಭಾಗ, ಅಂದರೆ ಒಂದೂಕಾಲು ಅಂಗುಲದ ಬಾಯಿ. ಎಚ್‌ಎಸ್4 ಆದರೆ ಒಂದೂವರೆ. ಈ ಲೆಕ್ಕ ತಿಳಿದ ದಿನ ನನಗೆ ವಿನಾಕಾರಣ ಸಂತೋಷವಾಗಿತ್ತು.) ಇನ್ನೊಂದು ಗೆಳೆಯನ ಕಾರು, ಅದಕ್ಕೆ ಹಿಂದಿನ ಮಾಲೀಕರು ವೆಬರ್ ಕಂಪನಿಯ 32/36 ಡಿಜಿವಿ ಕಾರ್ಬುರೇಟರ್ ಕೂರಿಸಿದ್ದರು. ಅದೇ ವೆಬರ್ ಡಿಜಿಎವಿ ಆದರೆ ಚೋಕ್ ಇಂಜಿನ್ನಿನ ಬಿಸಿನೀರಿನಿಂದ ತಾನಾಗಿ ನಡೆಯುತ್ತದೆ, ಡಿಜಿಇವಿ ಆದರೆ ವಿದ್ಯುತ್ತಿನಿಂದ. ನಡುವೆ ಅಕ್ಷರವಿಲ್ಲದ ಡಿಜಿವಿಗೆ ಕೇಬಲ್ಲೇ ಗತಿ.

ಎರಡರಲ್ಲೂ ಡ್ಯಾಶ್‌ಬೋರ್ಡಿನ ಮೇಲೆ ಕಾಣುವುದು ಒಂದೇ ಬಗೆಯ ನಾಬ್, ಆದರೆ ಬಾನೆಟ್ ಕೆಳಗೆ ನಡೆಯುವುದು ಪೂರ್ತಿ ಬೇರೆ. ವೆಬರ್‌ನದು ಹೆಸರಿಗೆ ತಕ್ಕ ಚೋಕ್. ಗಾಳಿ ಒಳಗೆ ಬರುವ ಬಾಯಿಯಲ್ಲೇ ತಗಡಿನ ಮುಚ್ಚಳವಿದೆ. ನಾಬ್ ಎಳೆದರೆ ಅದು ಮುಚ್ಚಿಕೊಂಡು ಕಾರ್ಬುರೇಟರಿನ ಕತ್ತು ಹಿಸುಕುತ್ತದೆ. ಪಿಸ್ಟನ್ನುಗಳು ಹೀರುತ್ತಲೇ ಇರುತ್ತವೆ, ಗಾಳಿಗೆ ದಾರಿಯಿಲ್ಲ. ಆ ಹೀರುವಿಕೆಯೆಲ್ಲ ಜೆಟ್ಟುಗಳೆಂಬ ಪೆಟ್ರೋಲಿನ ಸಣ್ಣ ರಂಧ್ರಗಳ ಮೇಲೆ ಬಿದ್ದು ಅಲ್ಲಿಂದ ಪೆಟ್ರೋಲ್ ಧಾರಾಳವಾಗಿ ಬರುತ್ತದೆ. ಇಂಜಿನ್ ಹತ್ತಿಕೊಂಡ ಕ್ಷಣ ಇದೇ ಸ್ಥಿತಿ ಮುಂದುವರಿದರೆ ಅದು ಪೆಟ್ರೋಲಿನಲ್ಲಿ ಮುಳುಗಿ ನಿಂತೇ ಹೋಗುತ್ತದೆ. ಅದಕ್ಕಾಗಿ ಮುಚ್ಚಳವನ್ನು ಹಿಡಿದಿರುವುದು ಒಂದು ಸ್ಪ್ರಿಂಗ್. ಇಂಜಿನ್ನಿನ ಎಳೆತ ಹೆಚ್ಚಾದ ಕೂಡಲೇ ಗಾಳಿಯೇ ಮುಚ್ಚಳವನ್ನು ಒಂದಿಷ್ಟು ತಳ್ಳಿ ತೆರೆದುಕೊಳ್ಳುತ್ತದೆ.

ನನ್ನ ಎಸ್‌ಯುನಲ್ಲಿ ಮುಚ್ಚಳವೇ ಇಲ್ಲ. ಗಾಳಿಯನ್ನು ಅದು ಮುಟ್ಟುವುದೇ ಇಲ್ಲ. ಜೆಟ್ ಎಂದರೆ 0.09 ಅಂಗುಲದ ರಂಧ್ರವಿರುವ ಸಣ್ಣ ಕೊಳವೆ. ಮೇಲಿನಿಂದ ಅದರೊಳಗೆ ಒಂದು ಹಿತ್ತಾಳೆ ಸೂಜಿ ಇಳಿದಿರುತ್ತದೆ, ತುದಿಗೆ ಹೋದಂತೆ ಸಪೂರವಾಗುವ ಸೂಜಿ. ಸೂಜಿಗೂ ರಂಧ್ರದ ಅಂಚಿಗೂ ನಡುವೆ ಉಳಿಯುವ ಉಂಗುರದಂಥ ಸಂದಿಯಲ್ಲಿ ಪೆಟ್ರೋಲ್ ಮೇಲೇರುತ್ತದೆ. ನಾಬ್ ಎಳೆದಾಗ ಜೆಟ್ ಕೆಳಗೆ ಜಾರುತ್ತದೆ. ಸೂಜಿಯ ಸಪೂರ ಭಾಗ ರಂಧ್ರಕ್ಕೆ ಎದುರಾಗಿ ಸಂದಿ ಅಗಲವಾಗುತ್ತದೆ. ಅಷ್ಟೇ. ಬಾನೆಟ್ ತೆರೆದು ಬಗ್ಗಿ ನೋಡಿದರೆ ಜೆಟ್ಟಿನ ಕಪ್ಪು ತಲೆ ಇಳಿಯುವುದು ಬರಿಗಣ್ಣಿಗೆ ಕಾಣುತ್ತದೆ. ಕಾರಿನ ಯಾವ ಭಾಗವನ್ನೂ ನಾನು ಇಷ್ಟು ಹೊತ್ತು ನೋಡುತ್ತಾ ಕುಳಿತದ್ದಿಲ್ಲ.

ಎರಡು ಬಗೆಯಲ್ಲೂ ನಾಬಿಗೆ ಇನ್ನೊಂದು ಕೆಲಸವಿದೆ. ತಣ್ಣಗಿನ ಇಂಜಿನ್ ಆಕ್ಸಿಲರೇಟರ್ ತುಳಿಯದ ಸಾಮಾನ್ಯ ಐಡ್ಲಿಂಗಿನಲ್ಲಿ ಓಡುತ್ತಾ ಉಳಿಯುವುದಿಲ್ಲ. ಎಣ್ಣೆ ಗಟ್ಟಿಯಾಗಿರುತ್ತದೆ, ಜಡ ಬಿಡಿಸಲು ಸ್ವಲ್ಪ ಹೆಚ್ಚು ವೇಗ ಬೇಕು. ಆದ್ದರಿಂದ ಅದೇ ಕೇಬಲ್ ಒಂದು ಪುಟ್ಟ ಕ್ಯಾಮ್ ತಿರುಗಿಸಿ ಆಕ್ಸಿಲರೇಟರ್ ತುಳಿದಾಗ ತೆರೆಯುವ ಥ್ರಾಟಲನ್ನೂ ಕೂದಲೆಳೆಯಷ್ಟು ತೆರೆಯುತ್ತದೆ. ಎಸ್‌ಯುನಲ್ಲಿ ಇದರ ಅನುಕ್ರಮ ಚೆನ್ನಾಗಿದೆ. ನಾಬಿನ ಮೊದಲ ಕಾಲಂಗುಲ, ಅಂದರೆ ಸುಮಾರು 6 ಮಿ.ಮೀ. ಎಳೆತದಲ್ಲಿ ಜೆಟ್ ಅಲುಗುವುದಿಲ್ಲ, ಇಂಜಿನ್ನಿನ ವೇಗ ಮಾತ್ರ ಏರುತ್ತದೆ. ಅದರಾಚೆಗೆ ಎಳೆದರೆ ಪೆಟ್ರೋಲ್ ಹೆಚ್ಚುತ್ತದೆ. ಹಾಗಾಗಿ ಇಂಜಿನ್ ಅರೆಬೆಚ್ಚಗಾದಾಗ ನಾಬನ್ನು ಆ ಮೊದಲ ಕಾಲಂಗುಲದಲ್ಲಿ ನಿಲ್ಲಿಸಿಕೊಂಡರೆ ಪೆಟ್ರೋಲ್ ದಂಡವಾಗದೆ ಇಂಜಿನ್ ಸಮವಾಗಿ ಓಡುತ್ತದೆ. ಪೂರ್ತಿ ಹೊರಗೆ ಅಥವಾ ಪೂರ್ತಿ ಒಳಗೆ ಎಂಬ ಎರಡೇ ನಿಲುಗಡೆ ಸಾಲದು. ನಡುವೆ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು, ತಳ್ಳಿದಾಗ ಉಳಿಕೆಯಿಲ್ಲದೆ ಹಿಂದಿರುಗಬೇಕು. ನಾನು ಈ ಕಿಟ್ಟನ್ನು ಅಳೆದದ್ದು ಈ ಎರಡು ಗುಣಗಳಿಂದ. ಹೊಳಪಿಗೆ ಅಂಕವಿಲ್ಲ.

ಕೂರಿಸಲು ನನಗೆ ಎರಡೂವರೆ ಗಂಟೆ ಬೇಕಾಯಿತು. ಅದರಲ್ಲಿ ಒಂದು ಗಂಟೆ ಹಳೆಯ ಕೇಬಲ್ಲಿನ ನಟ್ಟನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಬಿಚ್ಚುವುದಕ್ಕೇ ಹೋಯಿತು. ಅದರ ಪಾಪ ಈ ಕಿಟ್ಟಿಗೆ ತಟ್ಟಬಾರದು. ನಾಬಿನ ಬಿಲ್ಲೆ ಹಳೆಯ ತೂತಿಗೆ ಸರಿಯಾಗಿ ಕೂತಿತು. ಕೇಬಲ್ ಉದ್ದ ಬೇಕಾದುದಕ್ಕಿಂತ ಹೆಚ್ಚಿದೆ, ಕತ್ತರಿಸಿಕೊಳ್ಳಬೇಕು. ಮೊಂಡು ಇಕ್ಕಳದಲ್ಲಿ ಕತ್ತರಿಸಬೇಡಿ. ತಂತಿಯ ತುದಿ ಬಿಚ್ಚಿ ಪೊರಕೆಯಾಗುತ್ತದೆ, ಆಮೇಲೆ ಸ್ಕ್ರೂವಿನ ತೂತಿಗೆ ತೂರುವುದಿಲ್ಲ.

ಪೊರಕೆಯಾಗುತ್ತದೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಹಳೆಯ ಕೇಬಲ್ಲಿನ ಒಳಗಿದ್ದುದು ಒಂದೇ ಎಳೆಯ ಬಿರುಸು ತಂತಿ. ಅದನ್ನು ಎಳೆಯಲೂಬಹುದು, ತಳ್ಳಲೂಬಹುದು. ಹೊಸದರಲ್ಲಿರುವುದು ಸಣ್ಣ ಎಳೆಗಳನ್ನು ಹೊಸೆದ ಮೆತ್ತನೆಯ ತಂತಿ, ಸೈಕಲ್ಲಿನ ಬ್ರೇಕಿನದರಂತೆ. ಎಳೆತಕ್ಕೆ ಅದು ಎಷ್ಟು ಬೇಕಾದರೂ ಗಟ್ಟಿ. ತಳ್ಳಿದರೆ ಒಳಗೆ ಬಳುಕುತ್ತದೆ, ಕೆಲಸ ತುದಿಗೆ ತಲುಪುವುದಿಲ್ಲ. ಹಾಗಾದರೆ ಜೆಟ್ ಮೇಲೇರುವುದು ಕಾರ್ಬುರೇಟರಿನ ಸ್ಪ್ರಿಂಗಿನ ದಯೆಯಿಂದ ಮಾತ್ರ.

ಮೊದಲ ಮೂರು ವಾರ ನಾನು ಇದನ್ನು ಗಮನಿಸಲಿಲ್ಲ, ಹೊಗಳುತ್ತಲೇ ಓಡಾಡಿದೆ. 12 ಡಿಗ್ರಿಯ ಬೆಳಗ್ಗೆಯೂ ಪೂರ್ತಿ ಎಳೆದು ಲಾಕ್ ಮಾಡಿ ಸ್ಟಾರ್ಟ್ ಮಾಡಿದರೆ ಎರಡನೆಯ ತಿರುವಿಗೆ ಇಂಜಿನ್ ಹತ್ತಿಕೊಳ್ಳುತ್ತಿತ್ತು. ನಾಲ್ಕನೆಯ ವಾರದಲ್ಲಿ ಬಿಸಿ ಇಂಜಿನ್ ಸಿಗ್ನಲಿನಲ್ಲಿ ನಿಂತಾಗ ಕುಂಟುವುದು ಶುರುವಾಯಿತು. ಹಿಂದೆ ಕುಳಿತವರು ಪೆಟ್ರೋಲ್ ವಾಸನೆ ಎಂದರು. ಲೀಟರಿಗೆ ಹದಿಮೂರು ಕಿಲೋಮೀಟರ್ ಕೊಡುತ್ತಿದ್ದ ಕಾರು ಹತ್ತಕ್ಕೆ ಇಳಿದಿತ್ತು. ಪ್ಲಗ್ ಬಿಚ್ಚಿದರೆ ನಾಲ್ಕೂ ದೀಪದ ಗಾಜಿನ ಮೇಲಿನ ಮಸಿಯಂತೆ ಕಪ್ಪು. ಸರಿಯಾಗಿ ಉರಿದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರಬೇಕು. ನಾಬ್ ಪೂರ್ತಿ ಒಳಗಿತ್ತು. ಬಾನೆಟ್ ಎತ್ತಿ ಜೆಟ್ಟಿನ ತಲೆಯನ್ನು ಕೆಳಗಿನಿಂದ ಬೆರಳಲ್ಲಿ ಒತ್ತಿದೆ. ‘ಟಿಕ್’ ಎಂದು ಒಂದೆರಡು ಮಿಲಿಮೀಟರ್ ಮೇಲೇರಿತು.

ಅಷ್ಟೂ ದಿನ ನಾನು ಅರೆ ಚೋಕಿನಲ್ಲೇ ಕಾರು ಓಡಿಸಿದ್ದೆ. ಇದು ಬರೀ ಪೆಟ್ರೋಲ್ ದಂಡದ ಮಾತಲ್ಲ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ, ಕೆಳಗಿಳಿದು ಇಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಎಣ್ಣೆ ಬದಲಿಸಿದೆ, ಪ್ಲಗ್ಗುಗಳನ್ನು ಉಜ್ಜಿ ಹಾಕಿದೆ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಸೂಚನಾ ಪತ್ರ ‘ತಂತಿಯನ್ನು ಬಿಗಿಯಾಗಿ ಎಳೆದು ಸ್ಕ್ರೂ ಹಾಕಿ’ ಎಂದಿತು, ನಾನು ಹಾಗೇ ಮಾಡಿದೆ. ಮಾಡಬಾರದಿತ್ತು. ನಾಬ್ ಪೂರ್ತಿ ಒಳಗಿರುವಾಗ ತಂತಿಯಲ್ಲಿ ಒಂದೂವರೆ ಮಿಲಿಮೀಟರಿನಷ್ಟಾದರೂ ಸಡಿಲ ಇರಬೇಕು. ಇಲ್ಲದಿದ್ದರೆ ಕಾರು ಅಲುಗಿದಾಗಲೆಲ್ಲ ತಂತಿಯೇ ಲಿವರನ್ನು ಜಗ್ಗುತ್ತದೆ. ಎರಡನೆಯದು, ಕ್ಲಾಂಪ್ ಕೊಟ್ಟಿರದ ಕಾರಣ ಹೊರಕವಚವನ್ನು ನಾನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದೆ. ಮೈನರ್ ಇಂಜಿನ್ನಿನಲ್ಲಿ ಕಾರ್ಬುರೇಟರೂ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಿಗಿವೆ. ಆ ಬಿಸಿಗೆ ಪಟ್ಟಿ ಮೆತ್ತಗಾಗಿ ಕವಚ ಜಾರಿತ್ತು, ಕೇಬಲ್ ಗಿಡ್ಡ ತಿರುವಿನಲ್ಲಿ ಮಡಚಿಕೊಂಡಿತ್ತು. ಹಳೆಯ ಕೇಬಲ್ಲಿನ ಲೋಹದ ಕ್ಲಾಂಪನ್ನೇ ಹುಡುಕಿ ಹಾಕಿದೆ, ಕೇಬಲ್ಲನ್ನು ದೊಡ್ಡ ಬಳಸಿನಲ್ಲಿ ತಿರುಗಿಸಿದೆ, ಕವಚದೊಳಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟೆ. ಆಮೇಲೆ ಇಲ್ಲಿಯವರೆಗೆ ಜೆಟ್ ಸಿಕ್ಕಿಕೊಂಡಿಲ್ಲ. ಆದರೂ ವಾರಕ್ಕೊಮ್ಮೆ ಬಗ್ಗಿ ಒತ್ತಿ ನೋಡುತ್ತೇನೆ.

ಗೆಳೆಯನ ಅನುಭವ ಇದಕ್ಕೆ ತದ್ವಿರುದ್ಧ. ಅವನ ಕಾರಿನಲ್ಲಿ ಮುಚ್ಚಳವನ್ನು ತೆರೆಯುವ ಸ್ಪ್ರಿಂಗ್ ಬಲವಾದದ್ದು. ಮೆತ್ತನೆಯ ತಂತಿಯಿಂದ ಅದಕ್ಕೇನೂ ತೊಂದರೆಯಿಲ್ಲ, ಬಿಟ್ಟ ಕೂಡಲೇ ಸರ್ರನೆ ಹಿಂದಿರುಗುತ್ತದೆ. ಬಿಡದಿದ್ದರೂ ಹಿಂದಿರುಗುತ್ತದೆ ಎಂಬುದೇ ಕಷ್ಟ. ನಾಬ್ ತಿರುಗಿಸಿ ಲಾಕ್ ಮಾಡಿ ಗೇಟು ತೆರೆಯಲು ಇಳಿದರೆ, ವಾಪಸು ಬರುವಷ್ಟರಲ್ಲಿ ನಾಬ್ ಒಳಗೆ, ಇಂಜಿನ್ ಬಂದ್. ಬಿಚ್ಚಿ ನೋಡಿದಾಗ ಒಳಗೆ ಹಿಡಿತ ಕೊಡಬೇಕಾದ ತೋಳು ಪ್ಲಾಸ್ಟಿಕ್ಕಿನದೆಂದು ತಿಳಿಯಿತು. ಬಿಸಿಲಿನಲ್ಲಿ ಕಾರು ನಿಂತ ದಿನ ಹಿಡಿತ ಇನ್ನೂ ಸಡಿಲ. ಅವನು ನಾಬಿನ ಹಿಂದೆ ದಂಡಕ್ಕೆ ಬಿಗಿಯಾದ ರಬ್ಬರ್ ಉಂಗುರವೊಂದನ್ನು ತೊಡಿಸಿದ್ದಾನೆ. ಈಗ ಎರಡು ನಿಮಿಷ ನಿಲ್ಲುತ್ತದೆ. ವೆಬರ್‌ಗೆ ಅಷ್ಟು ಸಾಕು ಎನ್ನುತ್ತಾನೆ, ಒಪ್ಪುತ್ತೇನೆ. ಆದರೆ ‘ಲಾಕ್ ಆಗುವ ನಾಬ್’ ಎಂದು ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದವರಿಗೆ ಅದು ಸಾಕಾಗಬಾರದು.

ಹೊಸದಾಗಿ ಹಳೆಯ ಕಾರು ಕೊಂಡವರು ಕೇಳುವ ಪ್ರಶ್ನೆ ಒಂದಿದೆ: ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರ್ ತುಳಿಯಬೇಕೇ? ವೆಬರ್‌ನಲ್ಲಿ ತುಳಿಯಿರಿ, ಅದರಲ್ಲಿ ಪುಟ್ಟ ಪಂಪ್ ಇದೆ, ಒಂದೊಂದು ತುಳಿತಕ್ಕೂ ಒಂದೊಂದು ಚಿಮ್ಮು ಪೆಟ್ರೋಲ್ ಒಳಗೆ ಹೋಗುತ್ತದೆ. ಎಸ್‌ಯು ಎಚ್‌ಎಸ್2ನಲ್ಲಿ ಅಂಥ ಪಂಪ್ ಇಲ್ಲ. ಹತ್ತು ಸಲ ತುಳಿದರೆ ಕಾಲಿಗೆ ವ್ಯಾಯಾಮ ಆಗಬಹುದು. ಬಿಸಿ ಇಂಜಿನ್ನಿಗೆ ಅಭ್ಯಾಸಬಲದಿಂದ ಚೋಕ್ ಎಳೆದು ಫ್ಲಡ್ ಮಾಡಿಕೊಂಡರೆ ನಾಬನ್ನು ಪೂರ್ತಿ ತಳ್ಳಿ, ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದು, ಬಿಟ್ಟು ಬಿಟ್ಟು ತುಳಿಯದೆ, ಸ್ಟಾರ್ಟ್ ಮಾಡಿ. ಹೆಚ್ಚಿನ ಗಾಳಿ ಹೋಗಿ ಒಳಗಿನ ಒದ್ದೆ ಆರುತ್ತದೆ.

ಕಿಟ್ಟಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ನಿಮ್ಮ ಕಾರ್ಬುರೇಟರಿಗೆ ಗಟ್ಟಿ ಸ್ಪ್ರಿಂಗ್ ಇದ್ದರೆ, ಕ್ಲಾಂಪನ್ನು ನೀವೇ ಹೊಂದಿಸಿಕೊಳ್ಳುವುದಾದರೆ ತರಿಸಬಹುದು. ಎಸ್‌ಯು ಇದ್ದವರು ಒಂದೇ ಎಳೆಯ ಬಿರುಸು ತಂತಿಯ ಕೇಬಲ್ ಸಿಗುವವರೆಗೆ ಕಾಯುವುದು ಒಳ್ಳೆಯದು; ಕೊಳ್ಳುವ ಮುಂಚೆ ತುದಿಯನ್ನು ಬಗ್ಗಿಸಿ ನೋಡಿ, ದಾರದಂತೆ ಬಳುಕಿದರೆ ಬಿಟ್ಟುಬಿಡಿ. ನನ್ನ ಕಾರಿನಲ್ಲಿ ಲಾಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಅದರಿಂದ ಒಂದು ಹೊಸ ತೊಂದರೆ ಹುಟ್ಟಿದೆ ಎಂಬುದನ್ನೂ ಹೇಳಬೇಕು.

ಕಳೆದ ವಾರ ಅಕ್ಕನ ಮಗಳು ಕಾರು ಒಯ್ದಳು. ನಲವತ್ತು ನಿಮಿಷದ ದಾರಿ. ಹಿಂದಿರುಗಿದಾಗ ಸೈಲೆನ್ಸರಿನಿಂದ ಕರಿಹೊಗೆ. ನಾಬ್ ಅರ್ಧ ಹೊರಗೆ, ಗಟ್ಟಿಯಾಗಿ ಲಾಕ್ ಆಗಿ ನಿಂತಿತ್ತು. ‘ಯಾವುದೇ ದೀಪ ಹತ್ತಲಿಲ್ಲವಲ್ಲ ಮಾವ’ ಎಂದಳು. ನಿಜ, ಚೋಕ್ ಹೊರಗಿದ್ದರೆ ದೀಪ ಹತ್ತುವ ಕಾರುಗಳು ಇವೆ, ಇದರಲ್ಲಿಲ್ಲ. ಅಪ್ಪ ಎಂದೂ ಮರೆತದ್ದು ನನಗೆ ನೆನಪಿಲ್ಲ. ಮರೆಯುವುದು ಸಾಧ್ಯವೂ ಇರಲಿಲ್ಲ. ನಾಬಿಗೆ ಕಚ್ಚಿಕೊಂಡ ಕ್ಲಿಪ್ ಅವರ ಮೊಣಕಾಲಿಗೆ ತಾಗುತ್ತಿತ್ತು. ಹೊಸ ನಾಬಿನ ದಂಡ ತೀರಾ ಸಪೂರ, ಕ್ಲಿಪ್ ಅದರ ಮೇಲೆ ನಿಲ್ಲುವುದಿಲ್ಲ. ಈಗ ಅವಳು ಚೋಕ್ ಎಳೆದ ಕೂಡಲೇ ಆ ಕ್ಲಿಪ್ಪನ್ನು ತನ್ನ ಎಡತೋಳಿನ ಅಂಚಿಗೆ ಕಚ್ಚಿಸಿಕೊಳ್ಳುತ್ತಾಳೆ, ನಾಬ್ ತಳ್ಳಿದ ಮೇಲೆ ತೆಗೆದು ಡ್ಯಾಶ್‌ಬೋರ್ಡಿನ ಕೆಳಗಿನ ತಟ್ಟೆಗೆ ಹಾಕುತ್ತಾಳೆ. ನಿನ್ನೆ ಅದನ್ನು ಹಾಕಿಕೊಂಡೇ ಕಚೇರಿಗೆ ಹೋಗಿದ್ದಳಂತೆ. ಮಧ್ಯಾಹ್ನ ಫೋನು ಮಾಡಿ, ನಾಬ್ ಒಳಗಿದೆಯೋ ಹೊರಗಿದೆಯೋ ನೋಡಿಕೊಂಡು ಬರಲು ಪಾರ್ಕಿಂಗಿಗೆ ಇಳಿಯುತ್ತಿದ್ದೇನೆ ಎಂದಳು.